ಹಂದರ ಆಡಿದ ಮಾತು

ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಭಾವನನ್ನು ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋದರು. ಪಿತ್ತಕೋಶದಲ್ಲಿ ಕಲ್ಲು. ಒಂದು ಗಂಟೆಯ ಕೆಲಸ, ನಾಳೆ ಸಂಜೆಗೆಲ್ಲ ಮನೆಗೆ ಹೋಗಬಹುದು ಅಂತ ಡಾಕ್ಟರು ಹೇಳಿದ್ದರು. ಇಪ್ಪತ್ತಾರು ವರ್ಷ ಸಿಟಿ ಬಸ್ಸು ಓಡಿಸಿದ ಮನುಷ್ಯ. ಸ್ಟ್ರೆಚರಿನ ಮೇಲೆ ಅಂಗಾತ ಮಲಗಿಕೊಂಡೇ, ತಳ್ಳುವವನಿಗೆ "ತಿರುವಿನಲ್ಲಿ ಸ್ವಲ್ಪ ನಿಧಾನಪ್ಪಾ, ಎದುರಿಗೆ ಬರೋರು ಇರ್ತಾರೆ" ಎಂದು ಬುದ್ಧಿ ಹೇಳುತ್ತಾ ಒಳಗೆ ಹೋದರು. ಅಕ್ಕ ನಕ್ಕಳು. ಬಾಗಿಲು ಮುಚ್ಚಿಕೊಂಡ ಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಅಕ್ಕನ ಜೊತೆಗಿರಲಿ ಅಂತ ಬಂದಿದ್ದವಳು ತಂಗಿ. ನಲವತ್ತು ತುಂಬಿದರೂ ಮನೆಯವರಿಗೆ ಅವಳಿನ್ನೂ ಪುಟ್ಟಿ. ಜೊತೆಯಲ್ಲಿ ಕೆಲಸ ಮಾಡುವವರಿಗೆ ಮಾತ್ರ ಮೇಸ್ತ್ರಿ. ಅವಳು ಮಾಡುವ ಕೆಲಸ ಏನೆಂದು ಮನೆಯಲ್ಲಿ ಯಾರಿಗೂ ನೆಟ್ಟಗೆ ಗೊತ್ತಿರಲಿಲ್ಲ. "ಕಂಪ್ಯೂಟರಲ್ಲಿ ಏನೋ ಕಟ್ತಾಳೆ, ಕಟ್ಟಿದ್ದನ್ನ ಬಿಟ್ಟಿ ಕೊಡ್ತಾಳೆ" ಎಂದು ಅಕ್ಕ ನೆಂಟರಿಗೆ ಹೇಳುತ್ತಿದ್ದಳು. ಅದು ಸುಳ್ಳೇನೂ ಆಗಿರಲಿಲ್ಲ.

ಕಾಯುವ ಹಾಲಿನಲ್ಲಿ ಒಂದಕ್ಕೊಂದು ಬೆಸೆದ ಉಕ್ಕಿನ ಕುರ್ಚಿಗಳು, ಗಾಜಿನ ಹಿಂದೆ ಒಂದು ಕೌಂಟರು, ಮಧ್ಯದಲ್ಲಿ ಕಂಬದ ಮೇಲೆ ಆಳೆತ್ತರಕ್ಕೆ ನಿಲ್ಲಿಸಿದ ಒಂದು ಪರದೆ. ಒಳಗೆ ಹೋದವರ ಕಡೆಯವರಿಗೆ ಒಂದು ಚೀಟಿ ಕೊಡುತ್ತಿದ್ದರು. ಚೀಟಿಯ ನಂಬರನ್ನು ಪರದೆಯ ಮೇಲೆ ಒತ್ತಿದರೆ ರೋಗಿ ಎಲ್ಲಿದ್ದಾರೆ, ಏನು ನಡೆಯುತ್ತಿದೆ ಅಂತ ಒಂದು ಸಾಲು ಬರುತ್ತಿತ್ತು. ಪದೇ ಪದೇ ಕೌಂಟರಿಗೆ ಬಂದು ಕೇಳಬೇಡಿ, ಪರದೆಯಲ್ಲೇ ನೋಡಿ ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು. ಅಕ್ಕ ಮೊದಲ ಗಂಟೆಯಲ್ಲಿ ಆರು ಸಲ ಎದ್ದು ಹೋಗಿ ಒತ್ತಿದಳು. ಆರು ಸಲವೂ "ಶಸ್ತ್ರಚಿಕಿತ್ಸೆ ನಡೆಯುತ್ತಿದೆ" ಎಂದೇ ಬಂತು.

"ಒಂದು ಗಂಟೆ ಅಂದ್ರಲ್ಲೇ?"

"ಹೆಚ್ಚುಕಮ್ಮಿ ಆಗುತ್ತೆ ಅಕ್ಕ. ಬಸ್ಸು ಟೈಮಿಗೆ ಸರಿಯಾಗಿ ಬರುತ್ತಾ? ಭಾವನ್ನೇ ಕೇಳು."

ಭಾವ ಒಳಗೆ ಹೋಗಿ ಎರಡು ಗಂಟೆ ಆಗುತ್ತಾ ಬಂತು. ಅಕ್ಕ ಮತ್ತೆ ಎದ್ದಳು. ಪುಟ್ಟಿ ಬಾಟಲಿಯ ಮುಚ್ಚಳ ತೆಗೆದು ನೀರು ಕುಡಿಯುತ್ತಿದ್ದವಳು, ಅಕ್ಕ ಪರದೆಯ ಮುಂದೆ ನಿಂತಲ್ಲೇ ನಿಂತಿದ್ದನ್ನು ಕಂಡಳು. ಅಕ್ಕ ನಿಧಾನವಾಗಿ ತಿರುಗಿದಳು. ಕಿರುಚಲಿಲ್ಲ. ಅಂಗಡಿ ಬಾಗಿಲು ಹಾಕಿದೆ ಎಂದು ಹೇಳುವ ಹಾಗೆ, ತೀರಾ ಸಾಧಾರಣ ದನಿಯಲ್ಲಿ, "ಪುಟ್ಟೀ, ಇನ್ನಿಲ್ಲ ಅಂತೆ ಕಣೇ" ಅಂದಳು.

ಅಂದವಳು ಅಲ್ಲೇ ಕುಸಿದಳು. ಕುಸಿಯುವಾಗ ಬಲಗೈ ಮೈಯಡಿಗೆ ಮಡಚಿಕೊಂಡಿತು. ಒಣಕಡ್ಡಿ ಮುರಿದ ಹಾಗೆ ಒಂದು ಸದ್ದಾಯಿತು. ಆ ಸದ್ದು ಇಡೀ ಹಾಲಿಗೆ ಕೇಳಿಸಿತು.

ಪುಟ್ಟಿ ಓಡಿದಳು. ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೇಲೆ ನೋಡಿದಳು. ಪರದೆಯ ಮೇಲೆ, ಬಿಳಿಯ ಹಾಳೆಯಂಥ ಜಾಗದಲ್ಲಿ, ದಪ್ಪ ಕಪ್ಪು ಅಕ್ಷರದಲ್ಲಿ ಇತ್ತು:

ನೀವು ಹುಡುಕುತ್ತಿದ್ದ ರೋಗಿ ಇನ್ನಿಲ್ಲ.

ಯಾರೋ ನೀರು ತನ್ನಿ ಅನ್ನುತ್ತಿದ್ದರು, ಯಾರೋ ಗಾಳಿ ಬಿಡಿ ಅನ್ನುತ್ತಿದ್ದರು. ಎಲ್ಲವೂ ಗೋಡೆಯಾಚೆಗಿನ ಮಾತಿನ ಹಾಗೆ ಕೇಳಿಸಿತು. ಎರಡು ಗಂಟೆಯ ಹಿಂದೆ ತಿರುವಿನಲ್ಲಿ ನಿಧಾನ ಅಂದ ಬಾಯಿ. ಹೀಗೂ ಹೇಳುತ್ತಾರಾ? ಒಬ್ಬ ಮನುಷ್ಯ ಬಂದು, ಪಕ್ಕದಲ್ಲಿ ಕೂತು, ಕೈ ಹಿಡಿದು ಹೇಳುವುದನ್ನು ಕಂಬದ ಮೇಲೆ ಹಾಕಿ ಹೇಳುತ್ತಾರಾ?

ಆಗ ಆ ಸಾಲಿನ ಕೆಳಗೆ ಅವಳ ಕಣ್ಣು ಬಿತ್ತು. ಅಲ್ಲಿ ಒಂದು ಪುಟ್ಟ ಮುಖವಿತ್ತು. ಎರಡು ಅಡ್ಡಗೆರೆಯ ಮುಚ್ಚಿದ ಕಣ್ಣು, ನಡುವೆ ಒಂದು ಕೆಳಗೆರೆಯ ಬಾಯಿ, ಎರಡು ಪಕ್ಕ ಕಂಸದ ಕೆನ್ನೆ. ಕೀಲಿಮಣೆಯಲ್ಲೇ ಬಿಡಿಸಿದ ಮುಖ.

ಅದನ್ನು ಬಿಡಿಸಿದವಳು ಅವಳೇ.

ಹದಿಮೂರು ವರ್ಷದ ಹಿಂದಿನ ಮಾತು. ಅಂಗಡಿ, ಶಾಲೆ, ಕ್ಲಿನಿಕ್ಕುಗಳಿಗೆ ವೆಬ್‌ಸೈಟು ಮಾಡಿಕೊಡುವ ಸಣ್ಣ ಕಚೇರಿಯಲ್ಲಿ ಅವಳು ಕೆಲಸಕ್ಕಿದ್ದಳು. ಯಾರಿಗೆ ಮಾಡಿದರೂ ಅದೇ ಕೆಲಸ: ಒಳಗೆ ಬಂದವರು ಯಾರು, ಅವರನ್ನು ಯಾವ ಪುಟಕ್ಕೆ ಕಳಿಸಬೇಕು, ಅವರು ಬರೆದದ್ದನ್ನು ಎಲ್ಲಿಡಬೇಕು, ಕೇಳಿದಾಗ ಹೇಗೆ ಹುಡುಕಿ ಕೊಡಬೇಕು. ಪ್ರತಿ ಸಲವೂ ಹೊಸದಾಗಿ ಗುಂಡಿ ತೋಡಿ ಕಂಬ ನೆಡುವ ಬದಲು ಒಂದೇ ಸಲ ಗಟ್ಟಿಯಾದ ಚೌಕಟ್ಟು ಮಾಡಿಟ್ಟರೆ, ಅದರ ಮೇಲೆ ಯಾರು ಬೇಕಾದರೂ ತಮ್ಮ ಬಳ್ಳಿ ಹಬ್ಬಿಸಿಕೊಳ್ಳಬಹುದಲ್ಲ ಅನ್ನಿಸಿತು. ಅದಕ್ಕೆ ಹಂದರ ಎಂದು ಹೆಸರಿಟ್ಟಳು. ಬರೆದದ್ದನ್ನೆಲ್ಲ ಎಲ್ಲರಿಗೂ ಕಾಣುವ ಹಾಗೆ ಇಂಟರ್ನೆಟ್ಟಿನಲ್ಲಿ ಹಾಕಿದಳು; ಬೇಕಾದವರು ತಗೊಳ್ಳಿ, ತಿದ್ದಿ, ತಿದ್ದಿದ್ದನ್ನು ನಮಗೂ ಕೊಡಿ ಎಂದಳು. ಮೊದಲ ವರ್ಷ ಹನ್ನೊಂದು ಜನ ತಗೊಂಡರು. ಲಕ್ಷ ದಾಟಿದ ಮೇಲೆ ಎಣಿಸುವುದನ್ನೇ ಬಿಟ್ಟಿದ್ದರು.

ಆ ಮೊದಲ ವರ್ಷದಲ್ಲೇ ಒಂದು ಮಧ್ಯಾಹ್ನ, ಹುಡುಕಿದ್ದು ಸಿಗದಿದ್ದರೆ ಹಂದರ ಏನು ಹೇಳಬೇಕು ಎಂಬ ಪ್ರಶ್ನೆ ಬಂತು. ಏನನ್ನು ಹುಡುಕಿದರು ಎಂಬುದು ಒಂದೊಂದು ಸೈಟಿಗೆ ಒಂದೊಂದು. ಪುಸ್ತಕವಿರಬಹುದು, ಬಿಲ್ಲಿರಬಹುದು, ಬಸ್ಸಿರಬಹುದು. ಹಾಗಾಗಿ ವಾಕ್ಯದ ನಡುವೆ ಖಾಲಿ ಜಾಗ ಬಿಟ್ಟು, ಸೈಟು ಮಾಡಿದವರು ಆ ವಸ್ತುವಿಗೆ ಏನು ಹೆಸರಿಟ್ಟಿರುತ್ತಾರೋ ಅದನ್ನೇ ಹಂದರ ತುಂಬಿಕೊಳ್ಳುವ ಹಾಗೆ ಮಾಡಿದಳು. ಯಾವ ಪದ ಬಂದು ಕೂತರೂ ಪ್ರತ್ಯಯದ ಗೋಜಿಲ್ಲದೆ ಹೊಂದುವ ವಾಕ್ಯ ಬೇಕಿತ್ತು. "ಸಿಗಲಿಲ್ಲ" ಅಂದಿದ್ದರೂ ಹೊಂದುತ್ತಿತ್ತು. ಆದರೆ ಆಗ ಅವಳಿಗೆ ಇಪ್ಪತ್ತೇಳು. ಪತ್ರಿಕೆಯ ಸಾವಿನ ಸುದ್ದಿಯ ಧಾಟಿಯಲ್ಲಿ "ನೀವು ಹುಡುಕುತ್ತಿದ್ದ ಪುಸ್ತಕ ಇನ್ನಿಲ್ಲ" ಎಂದು ಬರೆದು, ಕಣ್ಣು ಮುಚ್ಚಿದ ಮುಖ ಹಾಕಿ, ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ನಕ್ಕಿದ್ದಳು.

ಅದೇ ಖಾಲಿ ಜಾಗದಲ್ಲಿ ಈಗ "ರೋಗಿ" ಬಂದು ಕೂತಿತ್ತು.

ಅವಳಿಗೆ ಮೊದಲು ಬಂದದ್ದು ಸಮಾಧಾನವಲ್ಲ, ಇನ್ನೊಂದು ಭಯ. ಆ ವಾಕ್ಯ ತನ್ನದು, ಹಾಗಾಗಿ ಅದಕ್ಕೆ ಅರ್ಥವಿಲ್ಲ. ಆ ನಂಬರಿನ ದಾಖಲೆ ಸಿಗಲಿಲ್ಲ, ಅಷ್ಟೇ. ಆದರೆ ದಾಖಲೆ ಯಾಕೆ ಸಿಗಲಿಲ್ಲ? ಇಷ್ಟು ಹೊತ್ತು ಇದ್ದದ್ದು ಈಗ ಯಾಕಿಲ್ಲ? ಮನುಷ್ಯ ಸತ್ತರೂ ದಾಖಲೆ ತೆಗೆಯುತ್ತಾರಲ್ಲ? ಭಾವ ಇದ್ದಾರೋ ಇಲ್ಲವೋ ಎಂದು ಆ ಪರದೆಗೆ ಗೊತ್ತಿರಲಿಲ್ಲ, ಅದನ್ನು ಬರೆದವಳಿಗೂ ಗೊತ್ತಿರಲಿಲ್ಲ.

ಅಕ್ಕನನ್ನು ಇಬ್ಬರು ನರ್ಸುಗಳಿಗೆ ಒಪ್ಪಿಸಿ ಕೌಂಟರಿನ ಗಾಜು ಬಡಿದಳು.

"ಈ ನಂಬರು ನೋಡಿ. ಬೇಗ."

"ಪರದೆಯಲ್ಲಿ ನೋಡ್ಕೊಳ್ಳಿ ಮೇಡಂ, ಅಲ್ಲೇ—"

"ಪರದೆಯಲ್ಲಿ ಸತ್ತಿದ್ದಾರೆ ಅಂತ ಬಂದಿದೆ!"

ಕೌಂಟರಿನ ಹೆಂಗಸು ತನ್ನ ಕಂಪ್ಯೂಟರಿನಲ್ಲಿ ನಂಬರು ಒತ್ತಿದಳು. ಅವಳ ಮುಖದ ಬಣ್ಣ ಇಳಿದದ್ದನ್ನು ಪುಟ್ಟಿ ಗಾಜಿನಿಂದಲೇ ಕಂಡಳು. ಅವಳ ಪರದೆಯೂ ಅದನ್ನೇ ಹೇಳಿರಬೇಕು. ಅವಳು ಎದ್ದು ನಿಂತು ಫೋನೆತ್ತಿಕೊಂಡಳು. ಆ ಕಡೆ ಯಾರೂ ಎತ್ತಲಿಲ್ಲ. ಇನ್ನೊಂದು ನಂಬರು. ಅಲ್ಲೂ ಇಲ್ಲ. ಪುಟ್ಟಿ ಕೌಂಟರಿನ ಅಂಚು ಹಿಡಿದು ನಿಂತಳು. ನಾಲ್ಕು ನಿಮಿಷ ಆಗಿರಬಹುದು, ಹಸಿರು ಟೊಪ್ಪಿಯ ನರ್ಸೊಬ್ಬಳು ಮೆಟ್ಟಿಲಿಳಿದು ಬಂದು, "ಬಸ್ ಡ್ರೈವರ್ ಕಡೆಯವರು ಯಾರು?" ಎಂದು ಕೂಗಿದಳು.

ಭಾವ ಬದುಕಿದ್ದರು. ಒಳಗೆ ರಕ್ತಸ್ರಾವ ಜಾಸ್ತಿಯಾಗಿ, ಅದನ್ನು ನಿಲ್ಲಿಸಿ, ಒಂದು ದಿನ ಕಣ್ಗಾವಲಿನಲ್ಲಿರಲಿ ಅಂತ ಎದುರಿನ ಕಟ್ಟಡದ ಐಸಿಯುಗೆ ಸಾಗಿಸಿದ್ದರು. ಕಟ್ಟಡ ಬದಲಾದರೆ ಹಳೆಯ ನಂಬರು ಹೋಗಿ ಹೊಸ ನಂಬರು ಬರುತ್ತದೆ. ಅದನ್ನು ಹೇಳಲೆಂದೇ ನರ್ಸು ಕೆಳಗೆ ಬರುತ್ತಿದ್ದಳು. ಅಕ್ಕ ಅವಳಿಗಿಂತ ಕೆಲವೇ ನಿಮಿಷ ಮೊದಲು ಎದ್ದು ಹೋಗಿ ನಂಬರು ಒತ್ತಿದ್ದಳು.

ಪುಟ್ಟಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಅಷ್ಟರಲ್ಲಿ ಆಸ್ಪತ್ರೆಯ ಕಂಪ್ಯೂಟರು ನೋಡಿಕೊಳ್ಳುವವನು ಲ್ಯಾಪ್‌ಟಾಪು ಬಗಲಿಗಿಟ್ಟುಕೊಂಡು ಓಡಿ ಬಂದ. ಮೂವತ್ತೈದರ ಆಸುಪಾಸಿನವನು. ಪರದೆಯ ಮೇಲಿದ್ದದ್ದನ್ನು ಓದಿ ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡ.

"ಅಯ್ಯೋ, ಇದು ನಾವು ಬರೆದಿದ್ದಲ್ಲ ಮೇಡಂ, ದೇವರಾಣೆ. ಹಂದರ ಅಂತ ಒಂದಿದೆ, ಅದರ ಮೇಲೆ ಇದನ್ನ ಕಟ್ಟಿರೋದು. ಹೋದ ತಿಂಗಳವರೆಗೂ ನಂಬರು ಸಿಗದಿದ್ರೆ ಸುಮ್ನೆ ಮೊದಲನೇ ಪುಟಕ್ಕೆ ವಾಪಸ್ ಹೋಗ್ತಿತ್ತು. ಹೊಸ ಆವೃತ್ತಿ ಹಾಕಿದ ಮೇಲೆ ಇದು ಬರ್ತಿದೆ. ಒಳಗೆ ಇಂಥ ವಾಕ್ಯ ಇದೆ ಅಂತಾನೇ ನನಗೆ ಗೊತ್ತಿರಲಿಲ್ಲ. ಅದನ್ನ ಮಾಡಿದ ಪುಣ್ಯಾತ್ಮರು ಯಾರೋ, ಎಲ್ಲಿದ್ದಾರೋ."

"ನಾನೇ" ಅಂದಳು ಪುಟ್ಟಿ.

ಗಾಬರಿಯಲ್ಲಿ ಏನೋ ಮಾತಾಡುತ್ತಿದ್ದಾಳೆ ಎಂದುಕೊಂಡ ಅವನು, "ನೀರು ಕುಡೀತೀರಾ?" ಎಂದು ಕೇಳಿದ. ಅವಳು ಲ್ಯಾಪ್‌ಟಾಪಿಗೆ ಕೈ ಚಾಚಿದಳು. ಅವನು ಯಾಕೋ ಕೊಟ್ಟ. ಯಾವ ಕಡತದಲ್ಲಿ, ಎಷ್ಟನೆಯ ಸಾಲಿನಲ್ಲಿ ಎಂದು ಹುಡುಕುವ ಕೆಲಸವೇ ಅವಳಿಗಿರಲಿಲ್ಲ. ನೇರವಾಗಿ ಹೋಗಿ, ಆ ಆಸ್ಪತ್ರೆಯ ಮಟ್ಟಿಗೆ ಆ ವಾಕ್ಯವನ್ನು ಮುಚ್ಚಿ, "ಮಾಹಿತಿಗೆ ಕೌಂಟರಿನಲ್ಲಿ ಕೇಳಿ" ಎಂದು ಹಾಕಿದಳು. ಮೂರು ನಿಮಿಷ ಹಿಡಿಯಿತು. ಅವನು ಅವಳ ಬೆರಳನ್ನೂ ಮುಖವನ್ನೂ ನೋಡುತ್ತಾ, "ಮೇಸ್ತ್ರಿ?" ಅಂದ. ಹಂದರದ ಚರ್ಚೆಗಳಲ್ಲಿ ಅವಳ ಹೆಸರು ಅದು. ಅವಳು ತಲೆಯಾಡಿಸಿದಳು.

ಹೊಸ ಆವೃತ್ತಿಯ ಆ ಬದಲಾವಣೆಯೂ ಅವಳದೇ. ವರ್ಷವಿಡೀ ಹಟ ಹಿಡಿದು ಮಾಡಿಸಿದ್ದು. ಹಿಂದೆ ಏನಾದರೂ ಸಿಗದಿದ್ದರೆ ಹಂದರ ಸದ್ದಿಲ್ಲದೆ ಮೊದಲ ಪುಟಕ್ಕೆ ಕಳಿಸುತ್ತಿತ್ತು. ತಪ್ಪು ಎಲ್ಲಾಗಿದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. "ತಪ್ಪನ್ನ ಮುಚ್ಚಿಡಬಾರದು, ಬಾಯಿಬಿಟ್ಟು ಹೇಳಬೇಕು" ಎಂದು ಅವಳು ವಾದ ಮಾಡಿದ್ದಳು. ಆ ವಾದ ಇವತ್ತಿಗೂ ಸರಿಯೇ. ಬಾಯಿಬಿಟ್ಟು ಏನು ಹೇಳುತ್ತದೆ ಎಂದು ಮಾತ್ರ ಯಾರೂ ನೋಡಿರಲಿಲ್ಲ. ತಪ್ಪನ್ನು ತೋರಿಸು ಎಂದು ತಾವಾಗಿಯೇ ಹೊಂದಿಸಿಕೊಂಡ ಕೆಲವು ಸೈಟುಗಳನ್ನು ಬಿಟ್ಟರೆ ಆ ಹಳೆಯ ವಾಕ್ಯ ನಿದ್ದೆಯಲ್ಲಿತ್ತು. ಅದನ್ನು ತಟ್ಟಿ ಎಬ್ಬಿಸಿದವಳೂ ಅವಳೇ.

ಅಕ್ಕನ ಮಣಿಕಟ್ಟು ಎರಡು ಕಡೆ ಮುರಿದಿತ್ತು. ಬಲಗೈ. ಅಕ್ಕ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವಳು. ಶಾಲೆ ಶುರುವಾಗಲು ಆರು ವಾರವಿತ್ತು. ಪ್ಲಾಸ್ಟರು ಹಾಕುವಾಗ ಅವಳು ಒಂದೇ ಮಾತು ಕೇಳುತ್ತಿದ್ದಳು. "ಅವರಿದ್ದಾರೆ ತಾನೇ? ಸರಿಯಾಗಿ ನೋಡಿದೆಯಾ? ನೀನೇ ನೋಡಿದೆಯಾ?" ಪುಟ್ಟಿ ಐಸಿಯುವಿನ ಗಾಜಿನಿಂದ ನೋಡಿ ಬಂದಳು. ಭಾವನ ಎದೆ ಏರಿಳಿಯುತ್ತಿತ್ತು. ಬಂದು ಹೇಳಿದಳು. ಐದು ನಿಮಿಷಕ್ಕೆ ಅಕ್ಕ ಮತ್ತೆ ಕೇಳಿದಳು. ಮತ್ತೆ ಹೋಗಿ ನೋಡಿ ಬಂದಳು.

ಸಂಜೆ ನಾಲ್ಕರ ಹೊತ್ತಿಗೆ ಐಸಿಯುವಿನ ಹೊರಗಿನ ಬೆಂಚಿನಲ್ಲಿ ಕೂತು, ಈ ವಾಕ್ಯದ ಬಗ್ಗೆ ಹಿಂದೆ ಯಾರಾದರೂ ಏನಾದರೂ ಬರೆದಿದ್ದಾರಾ ಎಂದು ಫೋನಿನಲ್ಲಿ ಹುಡುಕಿದಳು. ಹಂದರದ ಬಗ್ಗೆ ಬಂದ ಪ್ರತಿ ದೂರೂ, ಪ್ರತಿ ಉತ್ತರವೂ ಎಲ್ಲರಿಗೂ ಕಾಣುವ ಹಾಗೆ ಇಂಟರ್ನೆಟ್ಟಿನಲ್ಲಿರುತ್ತದೆ. ಒಂದು ಸಿಕ್ಕಿತು. ನಾಲ್ಕು ವರ್ಷದ ಹಿಂದಿನದು. "ಒಂಟಿ ಚಪ್ಪಲಿ" ಎಂಬ ಹೆಸರಿನಲ್ಲಿ ಯಾರೋ ಬರೆದಿದ್ದರು:

"ನಾನು ಒಂದು ಶಾಲೆಯ ಗೇಟಿನಲ್ಲಿ ಗುಮಾಸ್ತೆ. ಮಕ್ಕಳನ್ನು ಕರೆದೊಯ್ಯಲು ಬರುವವರು ಹೆಸರು ಒತ್ತಿ ನೋಡುವ ಕಂಪ್ಯೂಟರು ನಿಮ್ಮ ಹಂದರದ ಮೇಲಿದೆ. ಹೋದ ವಾರ ಒಬ್ಬ ತಾಯಿಗೆ ‘ನೀವು ಹುಡುಕುತ್ತಿದ್ದ ವಿದ್ಯಾರ್ಥಿ ಇನ್ನಿಲ್ಲ’ ಎಂದು ಬಂತು. ದಯವಿಟ್ಟು ಈ ವಾಕ್ಯ ಬದಲಿಸಿ. ತಿದ್ದುಪಡಿಯನ್ನು ನಾನೇ ಬರೆದು ಜೊತೆಗೆ ಇಟ್ಟಿದ್ದೇನೆ. ಒಂದೇ ಸಾಲು."

ಕೆಳಗೆ ಮೇಸ್ತ್ರಿಯ ಉತ್ತರವಿತ್ತು. ಬರೆದದ್ದೇ ಅವಳಿಗೆ ನೆನಪಿರಲಿಲ್ಲ.

"ಬೇಕಾದವರು ಬದಲಿಸಿಕೊಳ್ಳಬಹುದು, ಕೈಪಿಡಿಯ ಹದಿನೇಳನೇ ಅಧ್ಯಾಯ ನೋಡಿ. ಹಂದರಕ್ಕೂ ಸ್ವಲ್ಪ ಹಾಸ್ಯಪ್ರಜ್ಞೆ ಇರಲಿ ಬಿಡಿ. ದೂರು ಮುಗಿಸುತ್ತಿದ್ದೇನೆ."

ಆ ಉತ್ತರಕ್ಕೆ ಅರವತ್ತಮೂರು ಜನ ನಗುವ ಮುಖ ಒತ್ತಿದ್ದರು.

ಅವಳು ಮತ್ತೊಮ್ಮೆ ಓದಿದಳು. ಹಾಸ್ಯಪ್ರಜ್ಞೆ. ಹದಿನೇಳನೇ ಅಧ್ಯಾಯ. ಯಾವ ಗುಮಾಸ್ತೆ ಹದಿನೇಳನೇ ಅಧ್ಯಾಯದ ತನಕ ಓದುತ್ತಾಳೆ? ಲಕ್ಷ ಸೈಟುಗಳಲ್ಲಿ ಆ ವಾಕ್ಯವನ್ನು ಬದಲಿಸಿದವರು ಎಷ್ಟು ಜನ ಇದ್ದಾರು? ಏನೂ ಮಾಡದೆ ಬಿಟ್ಟರೆ ಹಂದರ ಯಾವುದನ್ನು ಹೇಳುತ್ತದೋ ಅದನ್ನೇ ಎಲ್ಲ ಕಡೆಯೂ ಹೇಳುತ್ತದೆ. ಇದು ಅವಳೇ ಹೊಸಬರಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠ.

ಗಡಿಯಾರನಿಗೆ ಫೋನು ಮಾಡಿದಳು. ಅವಳ ಜೊತೆ ಹಂದರವನ್ನು ಮೊದಲಿಂದ ಕಟ್ಟಿದವನು ಅವನು. ಕೊಟ್ಟ ಮಾತು, ಹೇಳಿದ ದಿನ ಯಾವುದೂ ತಪ್ಪದ ಮನುಷ್ಯ, ಅದಕ್ಕೇ ಆ ಹೆಸರು. ನಡೆದದ್ದನ್ನೆಲ್ಲ ಹೇಳಿ, "ಇವತ್ತೇ ಬದಲಿಸ್ಬೇಕು" ಅಂದಳು.

"ನಿಲ್ಲಿ, ನಿಲ್ಲಿ. ಜನ ತಮ್ಮ ಸೈಟು ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡುವಾಗ ಆ ವಾಕ್ಯ ಅಕ್ಷರಕ್ಕೆ ಅಕ್ಷರ ಬರುತ್ತಾ ಅಂತ ನೋಡ್ತಾರೆ. ಬದಲಿಸಿದ್ರೆ ಸಾವಿರಾರು ಕಡೆ ತಪ್ಪಾಗಿದೆ ಅಂತ ಕೆಂಪು ದೀಪ ಹತ್ತುತ್ತೆ. ಮುಂದಿನ ದೊಡ್ಡ ಆವೃತ್ತಿವರೆಗೂ ಏನೂ ಮುರಿಯಲ್ಲ ಅಂತ ಮಾತು ಕೊಟ್ಟಿದೀವಿ ಮೇಸ್ತ್ರಿ."

"ನಮ್ಮಕ್ಕನ ಕೈ ಮುರಿದಿದೆ."

ಅವಳು ಹಳೆಯ ದೂರಿನ ಕೊಂಡಿಯನ್ನು ಕಳಿಸಿದಳು. ಅವನು ಓದುತ್ತಿದ್ದಾನೆ ಎಂದು ಉಸಿರಿನಿಂದಲೇ ಗೊತ್ತಾಗುತ್ತಿತ್ತು. ಓದಿ ಮುಗಿಸಿ, "ಮೇಸ್ತ್ರಿ" ಅಂದ. "ಈ ಅರವತ್ತಮೂರರಲ್ಲಿ ಒಂದು ನಂದು."

ಆಮೇಲೆ ಅವನು ವಾದ ಮಾಡಲಿಲ್ಲ. ಹೊಸದಾಗಿ ಏನೂ ಬರೆಯುವುದು ಬೇಡ, ನಾಲ್ಕು ವರ್ಷದಿಂದ ಬಿದ್ದಿರುವ ಆ ಗುಮಾಸ್ತೆಯ ತಿದ್ದುಪಡಿಯನ್ನೇ, ಅವಳ ಹೆಸರಿನಲ್ಲೇ ಸೇರಿಸೋಣ ಎಂದು ಇಬ್ಬರೂ ಒಪ್ಪಿದರು. ಕತ್ತಲಾಗುವ ಮೊದಲೇ ಅದು ಹೊರಟಿತು.

ಅಕ್ಕನಿಗೆ ಹೇಳುವುದು ಬಾಕಿಯಿತ್ತು. ಭಾವನನ್ನು ವಾರ್ಡಿಗೆ ತಂದ ಮರುದಿನ ಬೆಳಿಗ್ಗೆ, ಅವರ ಎದುರಿಗೇ ಹೇಳಿದಳು. ಅಕ್ಕ ಮೊದಲು ಅರ್ಥವಾಗದವಳಂತೆ ನೋಡಿದಳು.

"ಆ ಪರದೆಯಲ್ಲಿದ್ದಿದ್ದು... ನೀನು ಬರೆದಿದ್ದಾ?"

"ಹೂಂ."

"ಆಸ್ಪತ್ರೆಗೆ ಅಂತ ಬರೆದೆಯಾ?"

"ಇಲ್ಲ ಅಕ್ಕ. ಯಾರಿಗೆ ಅಂತ ಯೋಚನೆ ಮಾಡಿ ಬರೆದಿದ್ದಲ್ಲ."

"ಬರೆದಾಗ ನಗ್ತಿದ್ದೆಯಾ?"

ಇಲ್ಲ ಎನ್ನಬಹುದಿತ್ತು. "ನಗ್ತಿದ್ದೆ" ಅಂದಳು.

ಭಾವನಿಗೆ ಮಾತ್ರ ನಗು ತಡೆಯಲಾಗಲಿಲ್ಲ. ಹೊಟ್ಟೆಯ ಹೊಲಿಗೆ ಹಿಡಿದುಕೊಂಡು, ನೋವಿಗೆ ಹಲ್ಲು ಕಚ್ಚುತ್ತಾ, "ನನ್ನನ್ನ ಸಾಯಿಸಿದ್ದು ನೀನೇನಾ! ಆ ಡಾಕ್ಟರು ಅಂದುಕೊಂಡಿದ್ದೆ" ಅಂದರು. ಅಕ್ಕ ಅವರ ಕಡೆ ತಿರುಗಿದ ರೀತಿಗೆ ನಗು ಅರ್ಧದಲ್ಲೇ ನಿಂತಿತು. ಆ ದಿನ ಅಕ್ಕ ತಂಗಿಯ ಜೊತೆ ಮಾತಾಡಲಿಲ್ಲ. ಪುಟ್ಟಿ ತಟ್ಟೆ ಕೊಟ್ಟರೆ ತಗೊಂಡಳು, ತಲೆ ಬಾಚಿದರೆ ಬಾಚಿಸಿಕೊಂಡಳು, ಮುಖ ಮಾತ್ರ ಎತ್ತಲಿಲ್ಲ.

ಮರುದಿನ ಮಧ್ಯಾಹ್ನ ಭಾವ ನಿದ್ದೆಹೋದ ಮೇಲೆ ತಾನಾಗಿಯೇ ಕೇಳಿದಳು. "ಆ ನಿನ್ನ ಹಂದರ ಇನ್ನೂ ಏನೇನು ಮಾತಾಡುತ್ತೆ?"

"ಅಂದ್ರೆ?"

"ಅದೊಂದೇ ವಾಕ್ಯನಾ ಅದಕ್ಕೆ ಬರೋದು? ಇನ್ನೂ ಇದೆ ತಾನೇ? ತಗೊಂಡು ಬಾ, ಓದ್ತೀನಿ."

ಇನ್ನೂರ ಹನ್ನೆರಡು ವಾಕ್ಯಗಳಿದ್ದವು. ಪುಟ್ಟಿ ಅವನ್ನೆಲ್ಲ ಕಾಗದದ ಮೇಲೆ ಪ್ರಿಂಟು ಹಾಕಿಸಿ ತಂದಳು. ಅಕ್ಕ ಕನ್ನಡಕ ಏರಿಸಿ, ಎಡಗೈಯಲ್ಲಿ ಪೆನ್ನು ಹಿಡಿದು ಕೂತಳು. ಮೂರನೆಯ ಸಾಲಿಗೇ ನಿಂತಳು.

"‘ನಿಮ್ಮ ಕಾಲ ಮುಗಿದಿದೆ.’ ಇದೇನೇ ಇದು?"

"ಅದು... ತುಂಬಾ ಹೊತ್ತು ಏನೂ ಮಾಡ್ದೆ ಸುಮ್ನೆ ಬಿಟ್ರೆ, ಮತ್ತೆ ಪಾಸ್‌ವರ್ಡ್ ಹಾಕಿ ಅಂತ."

"ಹಾಗಂತಾನೇ ಹೇಳೋಕೇನು ಕಷ್ಟ? ಇದನ್ನ ವಯಸ್ಸಾದೋರು ಓದಲ್ವಾ?" ಪೆನ್ನಿನಿಂದ ಅಡ್ಡಗೆರೆ ಎಳೆದಳು. "‘ಅನಾಥ ದಾಖಲೆಗಳನ್ನು ನಾಶಮಾಡಲಾಗಿದೆ.’ ‘ನಿಮಗೆ ಇಲ್ಲಿ ಹಕ್ಕಿಲ್ಲ.’ ‘ನೀವು ಯಾರೆಂದು ನಮಗೆ ಗೊತ್ತಿಲ್ಲ.’ ಅಯ್ಯೋ ರಾಮ. ಬಾಗಿಲಿಗೆ ಬಂದೋರ ಹತ್ರ ಹೀಗೆ ಮಾತಾಡೋದನ್ನ ಯಾರು ಕಲಿಸಿದ್ರು ನಿಂಗೆ? ಅಮ್ಮ ಕೇಳಿದ್ರೆ ಬಾಯಿಗೆ ಬರೆ ಎಳೀತಿದ್ಳು."

ಪುಟ್ಟಿ ಪಕ್ಕದಲ್ಲಿ ಕೂತು ಕೇಳುತ್ತಿದ್ದಳು. ಹದಿಮೂರು ವರ್ಷದಿಂದ ದಿನಾ ಕಣ್ಣಿಗೆ ಬಿದ್ದ ವಾಕ್ಯಗಳವು. ಅಕ್ಕನ ಬಾಯಲ್ಲಿ ಒಂದೊಂದೂ ಬೇರೆಯಾಗಿ ಕೇಳಿಸುತ್ತಿತ್ತು, ಗೊತ್ತಿರುವ ಮನೆಯಲ್ಲಿ ಗೊತ್ತಿಲ್ಲದ ಯಾರೋ ಕೂತು ಮಾತಾಡಿದ ಹಾಗೆ. ತಾನು ಕಟ್ಟಿದ್ದನ್ನು ತಾನು ಒಂದು ದಿನವೂ ಹೊರಗೆ ನಿಂತು ಕೇಳಿರಲಿಲ್ಲ. ಅಕ್ಕ ತೊಂಬತ್ತೊಂದು ಸಾಲು ಹೊಡೆದುಹಾಕಿದಳು. ಎಡಗೈಯ ಗೆರೆಗಳು ಅಂಕುಡೊಂಕಾಗಿದ್ದವು.

ಮುಂದಿನ ವಾರ ಪುಟ್ಟಿ ನಡೆದದ್ದೆಲ್ಲವನ್ನೂ ಹಂದರದ ಮೊದಲ ಪುಟದಲ್ಲಿ ಬರೆದಳು. ವಾಕ್ಯ ತನ್ನದು, ದೂರನ್ನು ನಕ್ಕು ಮುಚ್ಚಿದವಳು ತಾನು ಎಂದು ಬರೆದಳು. ಕೆಲವರು ಒಂದು ವಾಕ್ಯಕ್ಕೆ ಇಷ್ಟು ರಂಪವೇಕೆ, ಕೆಂಪು ದೀಪ ಹತ್ತಿ ನಮ್ಮ ಒಂದು ದಿನ ಹಾಳಾಯಿತು ಎಂದು ಬೈದರು. ಆದರೆ ಉಳಿದವರು ಬರೆದದ್ದನ್ನು ಓದಲು ಅವಳಿಗೆ ಧೈರ್ಯ ಸಾಲದೆ ಹೋಯಿತು. ನಮ್ಮ ಹೆರಿಗೆ ಆಸ್ಪತ್ರೆಯಲ್ಲಿ "ನೀವು ಹುಡುಕುತ್ತಿದ್ದ ಮಗು ಇನ್ನಿಲ್ಲ" ಎಂದು ಬಂದಿತ್ತು. ನಮ್ಮಲ್ಲಿ "ನಾವಿಕ." ನಮ್ಮಲ್ಲಿ "ಕೈದಿ." ನಮ್ಮ ವೃದ್ಧಾಶ್ರಮದಲ್ಲಿ "ನಿವಾಸಿ." ನಲವತ್ತಕ್ಕೂ ಹೆಚ್ಚು ಜನ. ಯಾರೂ ದೂರು ಕೊಟ್ಟಿರಲಿಲ್ಲ. ಕಂಪ್ಯೂಟರು ಹೇಳಿದ್ದು, ಯಾರಿಗೆ ಹೇಳುವುದು ಅಂದುಕೊಂಡು ಸುಮ್ಮನಿದ್ದರು. ಅವಳು ಒಂದು ಓದಿ, ಎದ್ದು ಕೋಣೆಯಲ್ಲಿ ಓಡಾಡಿ, ಬಂದು ಇನ್ನೊಂದು ಓದುತ್ತಿದ್ದಳು. ಎಲ್ಲ ಓದಿ ಮುಗಿಸಲು ಮೂರು ದಿನ ಬೇಕಾಯಿತು.

ಅಕ್ಕ ಹೊಡೆದುಹಾಕಿದ ವಾಕ್ಯಗಳೆಲ್ಲ ಬದಲಾದವು. ಹಂದರ ತಾನಾಗಿ ಆಡುವ ಯಾವುದೇ ಹೊಸ ಮಾತನ್ನು ಸೇರಿಸುವ ಮೊದಲು ಈ ಕೆಲಸದ ಗಂಧಗಾಳಿ ಇಲ್ಲದ ಒಬ್ಬರಿಗೆ ಜೋರಾಗಿ ಓದಿ ಕೇಳಿಸಬೇಕು ಎಂದು ಗಡಿಯಾರ ನಿಯಮ ಮಾಡಿದ. ಭಾವ ಒಂದೂವರೆ ತಿಂಗಳಿಗೆ ಮತ್ತೆ ಬಸ್ಸು ಹತ್ತಿದರು. ಅಕ್ಕನ ಕೈಯ ಪ್ಲಾಸ್ಟರು ತೆಗೆಯುವ ಹೊತ್ತಿಗೆ ಶಾಲೆಗಳು ಶುರುವಾಗಿ, ಆ ವರ್ಷದ ಸಮವಸ್ತ್ರಗಳನ್ನೆಲ್ಲ ಬೇರೆಯವರು ಹೊಲಿದಾಗಿತ್ತು. ಭಾವ ಬರುವುದು ಹತ್ತು ನಿಮಿಷ ತಡವಾದರೂ ಬಾಗಿಲಲ್ಲಿ ಬಂದು ನಿಲ್ಲುವ ಅಭ್ಯಾಸ ಅಕ್ಕನಿಗೆ ಆಗಿಹೋಯಿತು. ಆ ಹತ್ತು ನಿಮಿಷ ಪುಟ್ಟಿ ಎದುರಿಗಿದ್ದರೆ ಅವಳ ಕಡೆ ನೋಡುತ್ತಿರಲಿಲ್ಲ.

ಒಂಟಿ ಚಪ್ಪಲಿಗೆ ಪುಟ್ಟಿ ಮೊದಲ ದಿನವೇ ಕ್ಷಮೆ ಕೇಳಿ ಬರೆದಿದ್ದಳು. ಎರಡು ತಿಂಗಳ ಮೇಲೆ ಉತ್ತರ ಬಂತು.

"ಈ ಮೇಲ್ ಈಗ ಅಷ್ಟಾಗಿ ತೆಗೆಯುವುದಿಲ್ಲ, ತಡವಾಯಿತು. ಆ ದಿನ ಆ ತಾಯಿಯನ್ನು ಕೂರಿಸಿ ನೀರು ಕೊಟ್ಟವಳು ನಾನು. ಹುಡುಗಿಯನ್ನು ಬೇರೆ ತರಗತಿಗೆ ಹಾಕಿದ್ದರು, ಅಷ್ಟೇ. ಹದಿನೇಳನೇ ಅಧ್ಯಾಯವನ್ನು ನಾನು ಓದಿದ್ದೆ ಮೇಡಂ. ನಮ್ಮ ಗೇಟಿನ ಕಂಪ್ಯೂಟರಿನಲ್ಲಿ ಅವತ್ತೇ ಬದಲಿಸಿದ್ದೆ. ಬೇರೆ ಕಡೆ ಹೀಗಾಗದಿರಲಿ ಅಂತ ನಿಮಗೆ ಬರೆದದ್ದು. ಅದು ನಾನು ಬರೆದ ಮೊದಲ ತಿದ್ದುಪಡಿ, ಆರು ಸಂಜೆ ಕೂತು ಕಲಿತು ಬರೆದೆ. ಅಷ್ಟು ಜನ ನಕ್ಕಮೇಲೆ ಈ ಕೆಲಸ ನನ್ನಂಥವರಿಗಲ್ಲ ಅಂದುಕೊಂಡು ಬಿಟ್ಟೆ. ನಿಮ್ಮ ಅಕ್ಕನವರ ಕೈ ವಾಸಿಯಾಗಲಿ. ಇನ್ನೊಂದು ಮಾತು. ನಾನು ಬರೆದದ್ದರಲ್ಲಿ ‘ದಯವಿಟ್ಟು’ ಅನ್ನುವುದಕ್ಕೆ ಒಂದು ಒತ್ತು ಬಿಟ್ಟುಹೋಗಿತ್ತು. ಸರಿಮಾಡಿಕೊಳ್ಳಿ."

ಪುಟ್ಟಿ ಕಡತ ತೆಗೆದು ನೋಡಿದಳು. ನಿಜ. "ದಾಖಲೆ ಸಿಗಲಿಲ್ಲ. ದಯವಿಟು ಸಿಬ್ಬಂದಿಯನ್ನು ಕೇಳಿ." ಅವತ್ತಿನ ಅವಸರದಲ್ಲಿ ಅವಳೂ ಗಡಿಯಾರನೂ ಆ ಸಾಲನ್ನು ಪೂರ್ತಿ ಓದಿರಲಿಲ್ಲ. ಆ ಮಾತನ್ನು ಕೇಳಲು ಅವರಿಗೆ ನಾಲ್ಕು ವರ್ಷ ಹಿಡಿದಿತ್ತು. ಕೇಳಿದ ಮೇಲೂ ಅದನ್ನು ಕಣ್ಣಿಟ್ಟು ನೋಡಿರಲಿಲ್ಲ. ಲಕ್ಷ ಸೈಟುಗಳಲ್ಲಿ ಅದು ಹಾಗೆಯೇ ಬರುತ್ತಿತ್ತು. ಅವಳಿಗೆ ಕೆನ್ನೆಗೆ ಹೊಡೆದಂತಾಯಿತು.

"ನೀವೇ ತಿದ್ದಿ ಕಳಿಸುತ್ತೀರಾ? ನಿಮಗಾಗಿ ಕಾಯುತ್ತೇನೆ" ಎಂದು ಬರೆದಳು.

ಉತ್ತರ ಬರಲಿಲ್ಲ. ಹತ್ತು ದಿನ ಕಾದಳು. ದಿನವೂ ಬೆಳಿಗ್ಗೆ ಎದ್ದವಳೇ ಮೊದಲು ಅದನ್ನೇ ನೋಡುತ್ತಿದ್ದಳು. ಹನ್ನೊಂದನೆಯ ದಿನ ತಾನೇ ಕೂತು ಆ ಒತ್ತು ಹಾಕಿದಳು.